ಸ್ಟಾರ್ಟ್ ಆಯ್ತು, ಆದರೆ ಸರಿಯಾಯ್ತಾ?

ಈ ದಿನದ ಧ್ಯಾನಕ್ಕಾಗಿ ಧರ್ಮೋಪದೇಶಕಾಂಡ 22ನೇ ಅಧ್ಯಾಯ, 8ನೇ ವಚನ. ಸತ್ಯವೇದ ತಂದಿರೋರು ತೆಗೀರಿ. ಮೊಬೈಲ್‌ನಲ್ಲಿ ಓದೋರು ಮೊಬೈಲ್‌ನಲ್ಲಿ ತೆಗೀರಿ, ಹಾಗೇ ವಾಟ್ಸಾಪ್ ಕಡೆ ಹೋಗಬೇಡಿ.

ಸಿಕ್ಕಿತಾ? ಒಬ್ಬ ಮನುಷ್ಯ ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಒಂದು ಗೋಡೆ ಕಟ್ಟಬೇಕು. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತೆ. ವಾಕ್ಯದ ಅರ್ಥ ಇಷ್ಟೇ. ಆ ದೇಶದಲ್ಲಿ ಮನೆಗಳಿಗೆ ಚಪ್ಪಟೆ ಮಾಳಿಗೆ. ರಾಹಾಬಳು ಅಗಸೆಯ ಕಡ್ಡಿ ಹರಡಿದ್ದು ಮಾಳಿಗೆಯ ಮೇಲೆ. ಪೇತ್ರನು ಯೊಪ್ಪದಲ್ಲಿ ಪ್ರಾರ್ಥನೆಗೆ ಹತ್ತಿದ್ದೂ ಮಾಳಿಗೆಗೇ. ಜನ ಓಡಾಡೋ ಜಾಗ ಅದು.

ಈಗ ಒಂದು ವಿಷಯ ಗಮನಿಸಿ. ಮನೆಯ ಯಜಮಾನನಿಗೆ ತನ್ನ ಮಾಳಿಗೆಯ ಅಂಚು ಎಲ್ಲಿದೆ ಅಂತ ಗೊತ್ತು. ಅಮಾವಾಸ್ಯೆಯ ರಾತ್ರಿಯಲ್ಲೂ ಅವನು ಬೀಳಲ್ಲ. ಹಾಗಾದರೆ ಆ ಗೋಡೆ ಯಾರಿಗೆ? ಗೊತ್ತಿಲ್ಲದವನಿಗೆ. ಊರಿಂದ ಬಂದ ನೆಂಟನಿಗೆ, ಆಟ ಆಡೋ ಪಕ್ಕದ ಮನೆ ಮಗುವಿಗೆ, ಇನ್ನೂ ಹುಟ್ಟದೇ ಇರೋ ಮೊಮ್ಮಗುವಿಗೆ. ದೇವರು ಮನೆ ಕಟ್ಟೋನಿಗೆ ಏನು ಹೇಳ್ತಿದ್ದಾರೆ? "ನಿನಗೆ ಸಾಕು ಅನ್ನಿಸಿದ ಕಡೆ ನಿನ್ನ ಕೆಲಸ ಮುಗಿಯಲ್ಲ. ಗೊತ್ತಿಲ್ಲದವನು ಕಾಲಿಟ್ಟಾಗಲೂ ನಿಲ್ಲೋ ಹಾಗೆ ಮಾಡು." ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಇವತ್ತು ನಾನು ಮನೆಯ ವಿಷಯ ಮಾತಾಡಲ್ಲ, ಬೈಕಿನ ವಿಷಯ ಮಾತಾಡ್ತೀನಿ.

ನಗಬೇಡಿ. ಹೊರಗೆ ಹೋಗಿ ನೋಡಿ, ನಮ್ಮ ಸಭೆಯ ಗೇಟಿನ ಮುಂದೆ ಎಷ್ಟು ಬೈಕು ನಿಂತಿವೆ. ಗಂಡ, ಹೆಂಡತಿ, ಮಧ್ಯದಲ್ಲಿ ಒಂದು ಮಗು, ಟ್ಯಾಂಕ್ ಮೇಲೆ ಇನ್ನೊಂದು. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹಾಗಾಗಿ ಬಿದ್ದ ಬೈಕನ್ನ ಮತ್ತೆ ಓಡಿಸೋದು ಬರೀ ಗ್ಯಾರೇಜಿನ ವಿಷಯ ಅಲ್ಲ, ಪ್ರಾಣದ ವಿಷಯ.

ನಮ್ಮ ಸಭೆಯ ಒಬ್ಬ ಯೌವನಸ್ಥ ಸಹೋದರ, ಹೆಸರು ಬೇಡ, ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಕೋಲಾರದ ಕಡೆಯಿಂದ ಬರುವಾಗ ಹೊಸಕೋಟೆ ಹತ್ತಿರ ನಾಯಿ ಅಡ್ಡ ಬಂದು ಬಿದ್ದ. ಹಳೇ ಸ್ಪ್ಲೆಂಡರ್ ಗಾಡಿ. ಮುಂದಿನ ಚಕ್ರ ಡಿವೈಡರ್‌ಗೆ ಬಡೀತು. ಹೆಲ್ಮೆಟ್ ಇತ್ತು. ದೇವರ ಕೃಪೆಯಿಂದ ಭುಜ ತರಚಿದ್ದು ಬಿಟ್ಟರೆ ಅವನಿಗೆ ಏನೂ ಆಗಲಿಲ್ಲ, ಬೇರೆ ಯಾರಿಗೂ ಏನೂ ಆಗಲಿಲ್ಲ. ಎದ್ದವನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕಿಕ್ ಹೊಡೆದ. ಎಂಟನೇ ಕಿಕ್ಕಿಗೆ ಸ್ಟಾರ್ಟ್ ಆಯ್ತು. "ಸ್ತೋತ್ರ ಕರ್ತನೇ" ಅಂತ ಅಲ್ಲೇ ಕಣ್ಣೀರಿಟ್ಟನಂತೆ. ಸೊಟ್ಟಗಾಗಿದ್ದ ಹ್ಯಾಂಡಲ್ ಹಿಡ್ಕೊಂಡು ನಿಧಾನಕ್ಕೆ ಮನೆವರೆಗೂ ಓಡಿಸ್ಕೊಂಡು ಬಂದ.

ಮಾರನೇ ದಿನ ಭುಜ ಎತ್ತೋಕೆ ಆಗಲಿಲ್ಲ. ಗಾಡಿ ತಳ್ಳೋಕೆ ಜೊತೆ ಬೇಕಿತ್ತು, ನಾನು ಹೋದೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಭಾಯ್ ಅಂತಾರೆ. ನಮ್ಮ ಸಭೆಯವರಲ್ಲ, ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿ ನಮಾಜಿಗೆ ಹೋಗೋರು. ಆ ಎರಡು ದಿನ ಅವರ ಗ್ಯಾರೇಜಿನ ಸ್ಟೂಲ್ ಮೇಲೆ ಕೂತು ನಾನು ಕಲಿತದ್ದನ್ನ ನಿಮಗೆ ಹೇಳಬೇಕು.

ಹುಡುಗ ಖುಷಿಯಿಂದ, "ಸ್ಟಾರ್ಟ್ ಆಗ್ತಿದೆ ಭಾಯ್, ಇಂಜಿನ್‌ಗೆ ಏನೂ ಆಗಿಲ್ಲ" ಅಂದ. ಭಾಯ್ ಹೇಳಿದ್ದು: "ಬಿದ್ದ ಗಾಡೀನ ಎತ್ತಿದ ತಕ್ಷಣ ಕಿಕ್ ಹೊಡೀಬಾರದಪ್ಪ." ಯಾಕೆ? ಗಾಡಿ ಅಡ್ಡ ಬಿದ್ದಾಗ ಕಾರ್ಬುರೇಟರ್‌ನಿಂದ ಪೆಟ್ರೋಲ್ ಚೆಲ್ಲಿರುತ್ತೆ, ಒಂದು ಕಿಡಿ ಸಾಕು. ಆಯಿಲ್ ತನ್ನ ಜಾಗ ಬಿಟ್ಟು ಬೇರೆ ಕಡೆ ಹರಿದಿರಬಹುದು. ಕೆಳಗೆ ಇಂಜಿನ್‌ಗೆ ಕಲ್ಲು ತಾಗಿ ಸೀಳಿದ್ರೆ ಆಯಿಲ್ ಸೋರಿರುತ್ತೆ. ಒಣ ಇಂಜಿನ್ ಸ್ಟಾರ್ಟ್ ಆಗುತ್ತೆ, ಸ್ವಲ್ಪ ದೂರ ಓಡುತ್ತೆ, ಆಮೇಲೆ ಸೀಜ್ ಆಗುತ್ತೆ. ಅದಕ್ಕೇ ಮೊದಲು ನೆಟ್ಟಗೆ ನಿಲ್ಲಿಸಬೇಕು, ಕಾಯಬೇಕು, ಆಯಿಲ್ ನೋಡಬೇಕು, ಪ್ಲಗ್ ಬಿಚ್ಚಿ ಒರೆಸಬೇಕು. ಸ್ಟಾರ್ಟ್ ಮಾಡೋದು ಕೊನೆಗೆ.

ಆಮೇಲೆ ಅವರು ಇಂಜಿನ್ ಕಡೆ ನೋಡಲೇ ಇಲ್ಲ. ಟಾರ್ಚ್ ಹಿಡಿದು ಚಾಸಿಸ್‌ನ ಕುತ್ತಿಗೆ ನೋಡಿದರು, ಹ್ಯಾಂಡಲ್ ಬಂದು ಕೂರುತ್ತಲ್ಲ ಆ ಜಾಗ. ಅಲ್ಲಿ ಪೇಂಟ್ ಸಣ್ಣಗೆ ಸುಕ್ಕುಗಟ್ಟಿತ್ತು, ಕೂದಲೆಳೆಯಷ್ಟು ಬಿರುಕು. "ಕಬ್ಬಿಣ ಬಾಗಿದ್ರೆ ಕಣ್ಣಿಗೆ ಕಾಣಲ್ಲ, ಪೇಂಟ್ ಮೊದಲು ಹೇಳುತ್ತೆ" ಅಂದರು. ಹಿಂದಿನ ಚಕ್ರದ ಎರಡೂ ಬದಿಯಿಂದ ಮುಂದಿನ ಚಕ್ರದವರೆಗೆ ನೂಲು ಎಳೆದರು. ಒಂದು ಕಡೆ ನೂಲು ಟೈರಿಗೆ ತಾಗ್ತಿದೆ, ಇನ್ನೊಂದು ಕಡೆ ಬೆರಳು ಹೋಗುವಷ್ಟು ಜಾಗ. ಸ್ಟಾರ್ಟ್ ಆದ ಗಾಡಿ, ಅಷ್ಟು ದೂರ ಓಡಿ ಬಂದ ಗಾಡಿ, ನೆಟ್ಟಗಿರಲಿಲ್ಲ.

ಮುಂದಿನ ಫೋರ್ಕ್ ನೋಡಿ ಹುಡುಗ, "ಎರಡೂ ಬೆಂಡ್ ಆಗಿದೆ, ಸುತ್ತಿಗೆ ಏಟು ಕೊಡಿ" ಅಂದ. ಭಾಯ್ ಸುತ್ತಿಗೆ ಮುಟ್ಟಲಿಲ್ಲ. ಬೋಲ್ಟ್‌ಗಳನ್ನ ಸಡಿಲ ಮಾಡಿ, ಹ್ಯಾಂಡಲ್ ಹಿಡಿದು ಎರಡು ಮೂರು ಸಲ ಕೆಳಗೆ ಒತ್ತಿದರು. ಒಂದು ಕಡೆಯ ಪೈಪ್ ತಾನಾಗೇ ನೆಟ್ಟಗಾಯ್ತು. ಅದು ಬಾಗಿರಲಿಲ್ಲ, ಬಿಗಿಯಲ್ಲಿ ತಿರುಚಿಕೊಂಡಿತ್ತು ಅಷ್ಟೇ. ಇನ್ನೊಂದನ್ನ ಬಿಚ್ಚಿ ಗಾಜಿನ ಮೇಲೆ ಉರುಳಿಸಿದರು. ಕೆಳಗಿಂದ ಬೆಳಕು ಕಾಣ್ತಾ, ಮುಚ್ತಾ ಇತ್ತು. ಅದು ನಿಜವಾಗಿ ಬಾಗಿತ್ತು. "ಲೇತ್‌ನಲ್ಲಿ ಕೊಟ್ರೆ ಕಡಿಮೆ ದುಡ್ಡಲ್ಲಿ ಬೆಂಡ್ ತೆಗೀತಾರಂತಲ್ಲ ಭಾಯ್?" ಅಂದ ಹುಡುಗ. "ತೆಗೀತಾರೆ. ಆದ್ರೆ ಒಂದು ಸಲ ಬಾಗಿದ ಪೈಪ್‌ಗೆ ಎಲ್ಲಿ ಬಾಗಬೇಕು ಅಂತ ಗೊತ್ತಾಗಿಬಿಟ್ಟಿರುತ್ತೆ" ಅಂದರು ಭಾಯ್. ಜೆ.ಸಿ. ರೋಡಿಗೆ ಹೋಗಿ ಹೊಸ ಪೈಪ್, ಆಯಿಲ್ ಸೀಲ್, ಕೋನ್ ಸೆಟ್ ತಂದೆವು. ರಿಮ್‌ನ ಸ್ಪೋಕ್ ಬಿಗಿ ಮಾಡಿ ಔಟ್ ತೆಗೆದರು. ಚಾಸಿಸ್‌ನ ಬೇರೆ ಕಡೆ ಕಳಿಸಿ ಸರಿಮಾಡಿಸಿ ತಂದರು, ಮತ್ತೆ ನೂಲು ಹಿಡಿದರು. ಹೊರಗೆ ಕೊಡುವ ಮೊದಲು, ಇಂಜಿನ್ ಆಫ್ ಇರುವಾಗಲೇ ಗಾಡಿ ತಳ್ಳಿ ಬ್ರೇಕ್ ಹಿಡಿದು ನೋಡಿದರು. "ಓಡುತ್ತಾ ಅಂತ ಆಮೇಲೆ ನೋಡೋಣ, ಮೊದಲು ನಿಲ್ಲುತ್ತಾ?"

ಹೆಲ್ಮೆಟ್ಟನ್ನೂ ಬಿಸಾಡು ಅಂದರು. ಹೊರಗೆ ಒಂದು ಗೀರು ಮಾತ್ರ ಇತ್ತು. ಆದರೆ ಒಳಗಿನ ಥರ್ಮಾಕೋಲ್ ಒಂದು ಸಲ ಏಟು ತಗೊಂಡು ಒತ್ತಿಹೋದರೆ ಮತ್ತೆ ಉಬ್ಬಲ್ಲ. ನಿನ್ನ ತಲೆಗೆ ಬರಬೇಕಿದ್ದ ಏಟನ್ನ ಅದು ತಗೊಂಡಾಗಿದೆ, ಇನ್ನೊಂದು ಸಲ ತಗೊಳ್ಳೋ ಶಕ್ತಿ ಅದಕ್ಕಿಲ್ಲ.

ಕೊಡುವಾಗ ಭಾಯ್ ಮೂರು ಮಾತು ಹೇಳಿದರು. "ಓಡಿಸಬಹುದು, ಆದ್ರೆ ಸ್ಪೀಡ್ ಬೇಡ, ಹಿಂದೆ ಭಾರ ಹಾಕಬೇಡ. ಎರಡು ತಿಂಗಳಿಗೊಂದು ಸಲ ಬಂದು ಕುತ್ತಿಗೆ ತೋರಿಸು. ಆ ಜಾಗಕ್ಕೆ ಮಾತ್ರ ಪೇಂಟ್ ಹೊಡೆಸಬೇಡ. ಮತ್ತೆ ಬಿರುಕು ಬಿಟ್ರೆ ಹೇಳೋದು ಅದೊಂದೇ."

ಇಲ್ಲಿವರೆಗೂ ರಿಪೇರಿ. ಇನ್ನು ಮುಂದೆ ಪ್ರಶ್ನೆ.

ಅವನು ಗಾಡಿ ಮಾರೋಕೆ ಹೊರಟ. ಬ್ರೋಕರ್ ಒಬ್ಬ ಹೇಳಿದ: "ಮೂರು ಸಾವಿರದಲ್ಲಿ ಫುಲ್ ಪೇಂಟ್ ಮಾಡಿಸು, 32 ಸಾವಿರಕ್ಕೆ ನಾನು ಕೊಡಿಸ್ತೀನಿ." ನೋಡೋಕೆ ಬಂದವನು ಹಾಲು ಹಾಕೋ ಒಬ್ಬ ಹುಡುಗ. ಬೆಳಿಗ್ಗೆ ಎರಡು ಕಡೆ ಕ್ಯಾನ್ ತೂಗುಹಾಕ್ತಾನೆ, ಆಮೇಲೆ ಅದೇ ಗಾಡಿಯಲ್ಲಿ ತಂಗಿಯನ್ನ ಕಾಲೇಜಿಗೆ ಬಿಡ್ತಾನೆ. ಸ್ಟಾರ್ಟ್ ಮಾಡಿ ನೋಡಿದ, ಸೌಂಡ್ ಕೇಳಿದ, ಮೈಲೇಜ್ ಕೇಳಿದ. ಬಿದ್ದಿತ್ತಾ ಅಂತ ಕೇಳಲಿಲ್ಲ.

ನಮ್ಮ ಹುಡುಗ ರಾತ್ರಿ ನನಗೆ ಫೋನ್ ಮಾಡಿದ. "ಪಾಸ್ಟರ್, ನಾನು ಸುಳ್ಳು ಹೇಳಲ್ಲ. ಕೇಳಿದ್ರೆ ಹೇಳ್ತೀನಿ. ಕೇಳದೆ ಇದ್ರೂ ಹೇಳಬೇಕಾ?"

ದೇವಜನರೇ, ಈ ಪ್ರಶ್ನೆಯನ್ನ ಸುಲಭ ಅಂದ್ಕೋಬೇಡಿ. ಅವನ ತಾಯಿಯ ಆಸ್ಪತ್ರೆ ಸಾಲ ಇತ್ತು. ಎಂಟು ಸಾವಿರ ರೂಪಾಯಿ ಅವನಿಗೆ ದೊಡ್ಡ ದುಡ್ಡು. ಪೇಟೆಯಲ್ಲಿ ಹತ್ತರಲ್ಲಿ ಒಂಬತ್ತು ಜನ ಸುಮ್ಮನೆ ಇರ್ತಾರೆ, ಅದನ್ನ ವ್ಯಾಪಾರ ಅಂತಾರೆ. ನೋಡಿ ತಗೊಳ್ಳೋದು ಕೊಳ್ಳೋನ ಜವಾಬ್ದಾರಿ ಅಂತಾರೆ. ಈ ಮಾತಲ್ಲಿ ಸ್ವಲ್ಪ ನಿಜಾನೂ ಇದೆ. ಸೀಟು ಹರಿದಿದ್ರೆ, ಟೈರ್ ಸವೆದಿದ್ರೆ ಕಣ್ಣಿರೋನು ನೋಡ್ಕೋಬೇಕು. ಅದನ್ನೆಲ್ಲ ಪಟ್ಟಿ ಮಾಡಿ ಹೇಳೋ ಸಾಲ ನಮ್ಮ ಮೇಲಿಲ್ಲ.

ಆದರೆ ಯಾಜಕಕಾಂಡ 19ನೇ ಅಧ್ಯಾಯ 14ನೇ ವಚನಕ್ಕೆ ಬನ್ನಿ. ಕುರುಡನ ದಾರಿಯಲ್ಲಿ ಎಡವುವಂಥದ್ದನ್ನ ಇಡಬಾರದು ಅಂತ ಅಲ್ಲಿ ಆಜ್ಞೆ ಇದೆ. ಕುರುಡ ಯಾರು? ಕಣ್ಣಿಲ್ಲದವನು ಮಾತ್ರಾನಾ? ಯಾವ ವಿಷಯ ನನಗೆ ಗೊತ್ತಿದೆಯೋ, ಎದುರಿಗಿರೋನಿಗೆ ಗೊತ್ತಾಗೋಕೆ ದಾರಿಯೇ ಇಲ್ಲವೋ, ಆ ವಿಷಯದಲ್ಲಿ ಅವನು ಕುರುಡ. ಹಾಲಿನ ಹುಡುಗನ ಹತ್ತಿರ ನೂಲಿಲ್ಲ, ಗಾಜಿಲ್ಲ, ಟಾರ್ಚಿಲ್ಲ. ಅವನಿಗೆ ಕಾಣಬಹುದಾಗಿದ್ದ ಒಂದೇ ಒಂದು ಗುರುತು ಆ ಪೇಂಟಿನ ಬಿರುಕು. ಅದನ್ನೂ ಮುಚ್ಚಿದರೆ ನೀನು ಸುಮ್ಮನಿದ್ದೆ ಅಂತ ಹೇಳೋಕಾಗಲ್ಲ ತಮ್ಮಾ. ಪೇಂಟ್ ಹೊಡೆಸೋದೂ ಮಾತಾಡಿದ ಹಾಗೇನೇ. "ಇಲ್ಲಿ ಏನೂ ಆಗಿಲ್ಲ" ಅಂತ ಆ ಪೇಂಟ್ ನಿನ್ನ ಪರವಾಗಿ ಸುಳ್ಳು ಹೇಳುತ್ತೆ.

ಪೇಂಟ್ ಹೊಡೆಸದೆ ಸುಮ್ಮನಿದ್ರೆ? ವಿಮೋಚನಕಾಂಡ 21ನೇ ಅಧ್ಯಾಯದಲ್ಲಿ ಹಾಯುವ ಎತ್ತಿನ ಕಾನೂನು ಇದೆ, ಮನೆಗೆ ಹೋಗಿ 28, 29ನೇ ವಚನ ಓದಿ. ಎತ್ತು ಹಾದು ಒಬ್ಬನು ಸತ್ತರೆ, ಅದು ಹಾಯುತ್ತೆ ಅಂತ ಮೊದಲು ಗೊತ್ತಿಲ್ಲದಿದ್ದರೆ ಯಜಮಾನ ನಿರಪರಾಧಿ. ಆದರೆ ಅದು ಮೊದಲಿಂದ ಹಾಯುವ ಎತ್ತು ಅಂತ ಯಜಮಾನನಿಗೆ ತಿಳಿಸಿದ್ದರೂ ಅವನು ಕಟ್ಟಿಹಾಕದೆ ಹೋಗಿದ್ದರೆ ತೀರ್ಪು ಪೂರಾ ಬೇರೆ. ಎತ್ತು ಅದೇ, ಕೊಂಬು ಅದೇ, ಸಾವೂ ಅದೇ. ಬದಲಾಗಿದ್ದು ಒಂದೇ: ಅವನಿಗೆ ಗೊತ್ತಿತ್ತು. ಗೊತ್ತಾದ ಕ್ಷಣದಿಂದ ಹೊಣೆ ಶುರು. "ಸ್ಪೀಡ್ ಬೇಡ, ಭಾರ ಬೇಡ" ಅಂತ ಭಾಯ್ ಬಾಯಲ್ಲಿ ಕೇಳಿಸ್ಕೊಂಡ ಮೇಲೆ, ಎರಡು ಕ್ಯಾನ್ ತೂಗುಹಾಕೋನಿಗೆ, ತಂಗಿಯನ್ನ ಕೂರಿಸ್ಕೊಳ್ಳೋನಿಗೆ ಆ ಗಾಡಿ ಕೊಟ್ಟು "ಅವನು ಕೇಳಲಿಲ್ಲ" ಅನ್ನೋಕೆ ಆಗುತ್ತಾ?

ನಾನು ಅವನಿಗೆ ಹೇಳಿದ್ದು ಇಷ್ಟೇ: "ತಮ್ಮಾ, ಆ ಎಂಟು ಸಾವಿರದ ನಷ್ಟ ಡಿವೈಡರ್‌ಗೆ ಗುದ್ದಿದ ದಿನವೇ ಆಗಿಹೋಗಿದೆ. ಅದನ್ನ ಯಾರಾದ್ರೂ ಒಬ್ಬರು ಕಟ್ಟಲೇಬೇಕು. ನೀನು ದುಡ್ಡಲ್ಲಿ ಕಟ್ತೀಯ, ಇಲ್ಲಾ ಆ ಹುಡುಗಿ ಮೂಳೆಯಲ್ಲಿ ಕಟ್ತಾಳೆ. ಪೇಂಟ್ ಹೊಡೆಸಿದ್ರೆ ನಷ್ಟ ಹೋಗಲ್ಲ, ವಿಳಾಸ ಬದಲಾಗುತ್ತೆ."

ಅವನು ಹೇಳಿದ. ಹಾಲಿನ ಹುಡುಗ ಎದ್ದು ಹೋದ, ಮತ್ತೆ ಬರಲಿಲ್ಲ. ನಿಜ ಹೇಳಿದ ಕೂಡಲೇ ಆಶೀರ್ವಾದ ಬಂತು ಅಂತ ನಾನು ನಿಮಗೆ ಕಥೆ ಕಟ್ಟಲ್ಲ. ಐದು ವಾರ ಗಾಡಿ ಹಾಗೇ ನಿಂತಿತ್ತು. ಆಮೇಲೆ ಒಬ್ಬರು ವಯಸ್ಸಾದವರು, ನರ್ಸರಿ ಗಿಡಗಳ ವ್ಯಾಪಾರದವರು, ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್ ಒಬ್ಬರೇ ಹೋಗಿ ಬರೋಕೆ ಸಾಕು ಅಂತ, ಭಾಯ್ ಹತ್ತಿರಾನೇ ಹೋಗಿ ಕೇಳ್ಕೊಂಡು, 24 ಸಾವಿರಕ್ಕೆ ತಗೊಂಡರು. ಎಂಟು ಸಾವಿರ ಹೋಯ್ತು, ತಾಯಿಯ ಸಾಲ ತೀರೋದು ನಾಲ್ಕು ತಿಂಗಳು ತಡ ಆಯ್ತು. ನಿಜಕ್ಕೆ ಬೆಲೆ ಇದೆ ಅಂತ ನಾವು ಹಾಡ್ತೀವಿ. ಆ ಬೆಲೆ ರೂಪಾಯಿಯಲ್ಲೂ ಇರುತ್ತೆ.

ಈಗ ಒಂದು ಹೆಜ್ಜೆ ಮುಂದೆ ಹೋಗೋಣ. ಬಿದ್ದ ಗಾಡಿಯ ಹಾಗೆ ಬಿದ್ದ ಮನುಷ್ಯರೂ ನಮ್ಮ ಮಧ್ಯೆ ಇದ್ದಾರೆ. ಕುಡಿತದಿಂದ ಎದ್ದು ಬಂದ ಗಂಡ, ಸಂಘದ ಚೀಟಿ ದುಡ್ಡು ಮುಟ್ಟಿ ಸಿಕ್ಕಿಬಿದ್ದ ಸಹೋದರಿ, ಮಾತು ತಪ್ಪಿದ ಸೇವಕ. ಗಲಾತ್ಯದವರಿಗೆ ಬರೆದ ಪತ್ರಿಕೆ 6ನೇ ಅಧ್ಯಾಯದಲ್ಲಿ ಪೌಲನು ಇಂಥವರನ್ನ ಸರಿಮಾಡಿ ಅನ್ನುವಾಗ ಒಂದು ಗ್ರೀಕ್ ಪದ ಬಳಸ್ತಾನೆ. ಮತ್ತಾಯ 4ನೇ ಅಧ್ಯಾಯದಲ್ಲಿ ಯಾಕೋಬ, ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡ್ತಿದ್ದರು ಅನ್ನುವಲ್ಲೂ ಅದೇ ಪದ. ಬಲೆಯ ಕೆಲಸ ಯೋಚನೆ ಮಾಡಿ. ದಡದಲ್ಲಿ ಹರಡಿದಾಗ ಬಲೆ ಚೆನ್ನಾಗಿ ಕಂಡರೆ ಸಾಲದು. ನೀರಿಗೆ ಇಳಿದು ಮೀನಿನ ಭಾರ ಬಿದ್ದಾಗ ಗಂಟು ಹಿಡೀಬೇಕು. ಪೌಲನ ಮನಸ್ಸಲ್ಲಿರೋ ಸರಿಮಾಡೋದು ಅಂಥದ್ದು.

ನಾವು ಏನು ಮಾಡ್ತೀವಿ? ಕಿಕ್ ಹೊಡೀತೀವಿ. ಬಿದ್ದವನು ಎದ್ದು ಬಂದ, ಕಣ್ಣೀರಿಟ್ಟ, ಹಲ್ಲೆಲೂಯಾ ಅಂದ, ಸ್ಟಾರ್ಟ್ ಆಯ್ತು! ಮುಂದಿನ ವಾರವೇ ಮೈಕ್ ಕೊಡ್ತೀವಿ, ಕಾಣಿಕೆ ಚೀಲ ಕೊಡ್ತೀವಿ. ಗಂಡ ಒಂದು ಸಲ ಕ್ಷಮೆ ಕೇಳಿದ್ರೆ ಹೆಂಡತಿಗೆ "ಮರೆತುಬಿಡಮ್ಮ" ಅಂತೀವಿ. ಯಾರೂ ಕುತ್ತಿಗೆಗೆ ಟಾರ್ಚ್ ಹಿಡಿಯಲ್ಲ. ಕ್ಷಮಿಸೋದು ಒಂದೇ ದಿನದಲ್ಲಿ ಆಗಬಹುದು, ಕರ್ತನ ಕೃಪೆ ಅಷ್ಟು ದೊಡ್ಡದು. ನಂಬಿಕೆ ಮತ್ತೆ ಕಟ್ಟೋದಕ್ಕೆ ನೂಲು ಬೇಕು, ಸಮಯ ಬೇಕು. ಏಟು ತಿಂದ ಹೆಂಡತಿಗೆ ಆ ಸಮಯ ಕೊಡಿ. ನಿಮ್ಮ ಏಟನ್ನ ಅವಳು ಒಂದು ಸಲ ತಗೊಂಡಾಗಿದೆ. ಹೊರಗೆ ಒಂದೇ ಗೀರು ಕಾಣ್ತಿದೆ ಅಂತ ಇನ್ನೊಂದು ಸಲ ತಾಳ್ಕೋ ಅನ್ನಬೇಡಿ.

ಸುತ್ತಿಗೆ ಎತ್ತೋರೂ ನಮ್ಮಲ್ಲಿದ್ದಾರೆ. ಅವರಿಗೂ ಒಂದು ಮಾತು. ಎಲ್ಲಾ ಸೊಟ್ಟವೂ ಬೆಂಡ್ ಅಲ್ಲ. ಕೆಲವರು ಬಾಗಿರಲ್ಲ, ಬಿಗಿಯಲ್ಲಿ ತಿರುಚಿಕೊಂಡಿರ್ತಾರೆ ಅಷ್ಟೇ: ಸಾಲ, ಭಯ, ಮನೆಯ ಜಗಳ. ಸ್ವಲ್ಪ ಬೋಲ್ಟ್ ಸಡಿಲ ಮಾಡಿದ್ರೆ ತಾವಾಗೇ ನೆಟ್ಟಗಾಗ್ತಾರೆ. ಅಂಥವರ ಮೇಲೆ ಸುತ್ತಿಗೆ ಹಾಕಿದ್ರೆ ನಾವೇ ಬೆಂಡ್ ಮಾಡ್ತೀವಿ.

"ಹಾಗಾದ್ರೆ ಬಿದ್ದವನ ವಿಷಯ ಊರಿಗೆಲ್ಲ ಹೇಳಬೇಕಾ ಪಾಸ್ಟರ್?" ಇಲ್ಲ. ನಮ್ಮ ಹುಡುಗ ಗಾಡಿ ಬಿದ್ದದ್ದನ್ನ ರಸ್ತೆಯಲ್ಲಿ ಕೂಗಿ ಹೇಳಲಿಲ್ಲ. ಅದರ ಮೇಲೆ ಕೂರೋನಿಗೆ ಹೇಳಿದ. ಅಳತೆ ಅದೇ. ಯಾರು ಭಾರ ಹಾಕ್ತಾರೋ ಅವರಿಗೆ ತಿಳಿಯೋ ಹಕ್ಕಿದೆ. ಹೆಣ್ಣು ಕೊಡೋರಿಗೆ ಹುಡುಗನ ಕುಡಿತ ಹೇಳಲೇಬೇಕು. ಪಕ್ಕದ ಬೀದಿಯವರಿಗೆ ಬೇಕಾಗಿಲ್ಲ. ಮೊದಲನೆಯದನ್ನ ಮುಚ್ಚಿದ್ರೆ ಮೋಸ, ಎರಡನೆಯದನ್ನ ಹರಡಿದ್ರೆ ಚಾಡಿ. ಮಾರೋ ಗಾಡಿಗೆ ನಾಚಿಕೆ ಇಲ್ಲ, ಮನುಷ್ಯನಿಗೆ ಇದೆ. ಅದಕ್ಕೆ ಅವನ ವಿಷಯವನ್ನ ಆದಷ್ಟು ಅವನ ಬಾಯಿಂದಲೇ ಹೇಳೋ ಹಾಗೆ ಮಾಡಿ, ಪಕ್ಕದಲ್ಲಿ ನೀವು ನಿಲ್ಲಿ.

ಬಿದ್ದದ್ದನ್ನ ಮತ್ತೆ ಯಾರೂ ನಂಬಬಾರದು ಅಂತಾನೂ ನಾನು ಹೇಳ್ತಿಲ್ಲ. ಆ ಗಿಡದ ವ್ಯಾಪಾರದವರು ತಗೊಂಡರಲ್ಲ? ಎಲ್ಲಿ ಬಿದ್ದಿತ್ತು, ಏನು ಬದಲಾಗಿದೆ, ಎಷ್ಟು ಭಾರ ತಾಳುತ್ತೆ ಅಂತ ಗೊತ್ತಿರೋ ಗಾಡಿ, ಏನೂ ಗೊತ್ತಿಲ್ಲದ ಹೊಳೆಯೋ ಗಾಡಿಗಿಂತ ಮೇಲು. ಮನುಷ್ಯರಲ್ಲೂ ಹಾಗೇ.

ಈ ವಾರ ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮಾರೋಕೆ ಇಟ್ಟಿರೋ ಸೈಟು, ಮದುವೆಗೆ ಇಟ್ಟಿರೋ ಮಾತು, ಬಾಡಿಗೆಗೆ ಕೊಡೋ ಮನೆಯ ವೈರಿಂಗ್, ಯಾವುದರಲ್ಲಿ ನಿಮಗೆ ಗೊತ್ತಿದ್ದು ಎದುರಿನವರಿಗೆ ಗೊತ್ತಿಲ್ಲದ ಬಿರುಕು ಇದೆ ಅಂತ ಯೋಚಿಸಿ. ಪೇಂಟ್ ಹೊಡೆಸೋ ಮೊದಲು ಅವರಿಗೆ ತೋರಿಸಿ.

ಎಲ್ಲರೂ ಎದ್ದು ನಿಲ್ಲೋಣ, ತಲೆಬಾಗಿಸೋಣ. ಕರ್ತನೇ, ನಮಗೆ ಗೊತ್ತಿರೋದನ್ನ ಗೊತ್ತಿಲ್ಲದವರಿಗೆ ಹೇಳೋ ಧೈರ್ಯ ಕೊಡು. ಬಿದ್ದವರನ್ನ ಶಾಂತವಾಗಿ, ಪೂರ್ತಿಯಾಗಿ ಸರಿಮಾಡೋ ತಾಳ್ಮೆ ಕೊಡು. ಹೊರಗೆ ನಿಂತಿರೋ ಗಾಡಿಗಳಲ್ಲಿ ಮನೆಗೆ ಹೋಗೋ ಪ್ರತಿಯೊಂದು ಕುಟುಂಬವನ್ನೂ ಕಾಪಾಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ತಂದೆಯೇ. ಆಮೆನ್.